ಸೌದೆ ಕೊಟ್ಟಿಗೆಯಲ್ಲಿ ಇಲಿ ಕಾಟ, ಮನೆಯಲ್ಲೇ ಬೋನು ಮಾಡುವುದು ಹೇಗೆ?

ತೋಟದಮನೆ, ತೀರ್ಥಹಳ್ಳಿ ಕಡೆ
ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಈಗ ದನ ಇಲ್ಲ. ಸೌದೆ, ಗೋಣಿಚೀಲ, ಟಾರ್ಪಾಲು, ಔಷಧಿ ಹೊಡೆಯುವ ಪೈಪು ಎಲ್ಲ ಅಲ್ಲೇ ಒಟ್ಟಿದ್ದೇವೆ. ಮಳೆ ಹಿಡಿದ ಮೇಲೆ ಇಲಿ ಸಿಕ್ಕಾಪಟ್ಟೆ. ಎರಡನೇ ಸಲ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಔಷಧಿ) ಹೊಡೆಯೋಣ ಅಂತ ಪೈಪ್ ಬಿಚ್ಚಿದರೆ ಅಲ್ಲಲ್ಲಿ ಕಡಿದು ಹಾಕಿವೆ, ಮೋಟರ್ ಹಾಕಿದ ಕೂಡಲೇ ಕಾರಂಜಿ! ಅಂಗಡಿಯಿಂದ ತಂದ ಬೋನಿನಲ್ಲಿ ಚಿಕ್ಕವು ಸರಳಿನ ಸಂದಿಯಿಂದಲೇ ನುಸುಳಿ ಹೋಗುತ್ತವೆ. ಮನೆಯಲ್ಲಿ ನಾಯಿ ಇದೆ, ಹಾಗಾಗಿ ಪಾಷಾಣ ಬೇಡ. ಬೆಕ್ಕೂ ಇದೆ, ಅದು ಅಡುಗೆಮನೆ ಬಿಟ್ಟು ಕದಲುವುದಿಲ್ಲ. ಇರುವ ಸಾಮಾನಿನಲ್ಲೇ ಬೋನು ಮಾಡಿದವರು ಯಾರಾದರೂ ಇದ್ದೀರಾ?

ಹೊಸನಗರದವ
ಬಕೆಟ್ ಬೋನು ಮಾಡಿ ಮಾರಾಯ್ರೆ, ದುಡ್ಡೇ ಬೇಡ. 20 ಲೀಟರಿನ ಹಳೇ ಪೇಂಟ್ ಬಕೆಟ್ ತಗೊಳ್ಳಿ. ಬಾಯಿಯ ಹತ್ತಿರ ಎದುರುಬದುರು ತೂತು ಮಾಡಿ, ಮುರಿದ ಕೊಡೆಯ ಕಡ್ಡಿ ತೂರಿಸಿ. ಆ ಕಡ್ಡಿಗೆ ಮೊದಲೇ ಒಂದು ಖಾಲಿ ನೀರಿನ ಬಾಟಲಿ ಪೋಣಿಸಿರಬೇಕು, ಬುಡಕ್ಕೂ ಮುಚ್ಚಳಕ್ಕೂ ನಡುಮಧ್ಯ ತೂತು ಬೀಳಬೇಕು, ಇಲ್ಲದಿದ್ದರೆ ಒಂದೇ ಕಡೆ ವಾಲಿ ನಿಂತುಬಿಡುತ್ತದೆ. ಊದಿದರೆ ತಿರುಗುವಷ್ಟು ಸಲೀಸಾಗಿರಲಿ. ಬಾಟಲಿಯ ಮಧ್ಯಕ್ಕೆ ಹುರಿದ ಶೇಂಗಾ ಅರೆದು ಬೆಲ್ಲ ಸೇರಿಸಿ ಮೆತ್ತಿ. ಹತ್ತಲಿಕ್ಕೆ ಒಂದು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಒರಗಿಸಿದರೆ ಆಯ್ತು. ಇಲಿ ಬಾಟಲಿ ಮೇಲೆ ಕಾಲಿಟ್ಟ ಕೂಡಲೇ ಅದು ತಿರುಗುತ್ತದೆ, ಇಲಿ ಒಳಗೆ. ಬಕೆಟ್ ಒಳಮೈಗೆ ಎಣ್ಣೆ ಸವರಿ. ಒಂದು ಬಿದ್ದರೂ ಬೋನು ತಾನೇ ಮತ್ತೆ ತಯಾರಾಗಿರುತ್ತದೆ, ರಾತ್ರಿ ಎದ್ದು ನೋಡಬೇಕಾಗಿಲ್ಲ.

ನೀರು ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಹಾಕುವುದಿಲ್ಲ, ಅದು ಮುಳುಗಿ ಒದ್ದಾಡುವುದನ್ನು ನೋಡಲಿಕ್ಕೆ ಆಗುವುದಿಲ್ಲ. ಆದರೆ ನೀರಿಲ್ಲದಿದ್ದರೆ ದೊಡ್ಡ ಇಲಿ ಹಾರಿ ಹೋಗುತ್ತದೆ, ಅದೂ ನಿಜ.

ಸಾಗರದ ಕೃಷಿಕ
ಮೊದಲು ಯಾವ ಇಲಿ ಅಂತ ನೋಡಿ ಸ್ವಾಮಿ. ಸುಂಡಿಲಿಗೆ, ಅಂದರೆ ಚಿಕ್ಕ ಇಲಿಗೆ, ಬಕೆಟ್ ಸರಿ. ಮಾಡಿನ ಪಕಾಸಿ ಮೇಲೆ ಓಡಾಡುವ ಉದ್ದ ಬಾಲದ ಮನೆ ಇಲಿಗೆ ನೆಲದಲ್ಲಿ ಬೋನಿಟ್ಟು ಏನು ಪ್ರಯೋಜನ? ಅದು ಓಡಾಡುವ ಅಡ್ಡದ ಮೇಲೇ ಸ್ಪ್ರಿಂಗಿನ ಕತ್ತರಿ ಬೋನು ಕಟ್ಟಬೇಕು. ನೆಲ ಬಗೆದು ಮಣ್ಣು ಗುಡ್ಡೆ ಹಾಕಿದ್ದರೆ ಅದು ಹೆಗ್ಗಣ, ಅದಕ್ಕೆ ನಿಮ್ಮ ಬಾಟಲಿ ಲೆಕ್ಕಕ್ಕೇ ಇಲ್ಲ, ದೊಡ್ಡ ಕಬ್ಬಿಣದ ಬೋನೇ ಬೇಕು. ಇನ್ನು ಚೂಪು ಮೂತಿಯದ್ದು, ಗೋಡೆ ಬುಡದಲ್ಲಿ ಚೀಂ ಚೀಂ ಅಂತ ಓಡುವ ಗಬ್ಬು ವಾಸನೆಯದ್ದು ಒಂದಿರುತ್ತದಲ್ಲ, ಅದು ಇಲಿಯೇ ಅಲ್ಲ. ಹುಳ ಹುಪ್ಪಟೆ ತಿನ್ನುತ್ತದೆ, ಸುಮ್ನೆ ಬಿಟ್ಟುಬಿಡಿ.

ಮತ್ತೊಂದು ವಿಷಯ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ ಜಾಸ್ತಿ. ಶುರುವಿನಲ್ಲಿ ಕೆಲವು ದಿನ ಬೋನನ್ನು ಬಿಗಿಯದೆ, ಸುಟ್ಟ ಕೊಬ್ಬರಿಯನ್ನೋ ಒಣಮೀನನ್ನೋ ಮಾತ್ರ ಇಟ್ಟು ತಿನ್ನಲು ಬಿಡಿ. ಧೈರ್ಯವಾಗಿ ತಿನ್ನಲು ಶುರು ಮಾಡಿದ ಮೇಲೆ ಬಿಗಿಯಿರಿ. ಬೋನನ್ನು ಗೋಡೆಗೆ ತಾಗಿಸಿಯೇ ಇಡಿ, ಕೊಟ್ಟಿಗೆ ನಡುವೆ ಇಟ್ಟರೆ ಅತ್ತ ಸುಳಿಯುವುದೂ ಕಷ್ಟ.

ಮಳೆಹುಳ
ಪಾಷಾಣ ಬೇಡ ಅಂದದ್ದು ಒಳ್ಳೆಯದಾಯಿತು. ಜಿಂಕ್ ಫಾಸ್ಫೈಡ್ ಹೊಟ್ಟೆಗೆ ಹೋದರೆ ಅಲ್ಲಿನ ಆಮ್ಲಕ್ಕೆ ಸೇರಿ ವಿಷದ ಗಾಳಿ ಆಗುತ್ತದೆ, ಅದಕ್ಕೆ ಮದ್ದೇ ಇಲ್ಲ, ನಾಯಿ ತಿಂದರೆ ನಾಯಿಯೂ ಹೋಯಿತು. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತಾ ಇರುತ್ತದೆ, ಅದನ್ನು ಹಿಡಿದು ತಿಂದ ಗೂಬೆಗೂ ವಿಷವೇ. ಅಂಟಿನ ಹಲಗೆಯಂತೂ ಬೇಡವೇ ಬೇಡ. ಹಲ್ಲಿ, ಹಾವುಮರಿ ಎಲ್ಲ ಅಂಟಿಕೊಂಡು ಜೀವಂತ ಒಣಗುತ್ತವೆ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಇಲಿ ಜ್ವರದ ಭಯ ಇದ್ದೇ ಇದೆ. ಇಲಿ ಉಚ್ಚೆ ಬಿದ್ದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಎತ್ತಿ, ಆಳಕ್ಕೆ ಹೂಳಿ, ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ. ಹಿಕ್ಕೆ ಇರುವ ಕಡೆ ಒಣಗಿದ್ದನ್ನೇ ಗುಡಿಸಬೇಡಿ, ನೀರು ಚಿಮುಕಿಸಿಕೊಳ್ಳಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಡಾಕ್ಟರ ಹತ್ತಿರ ಇಲಿ ವಿಷಯ ಹೇಳಿ.

ತೋಟದಮನೆ, ತೀರ್ಥಹಳ್ಳಿ ಕಡೆ
ಎಲ್ಲರಿಗೂ ಧನ್ಯವಾದ. ನೋಡಿದೆ, ಹಿಕ್ಕೆ ಎರಡು ಥರದ್ದಿದೆ. ಹಾಗಾಗಿ ಕೆಳಗೆ ಬಕೆಟ್, ಮೇಲೆ ಕತ್ತರಿ. ಇನ್ನೊಂದು ಪ್ರಶ್ನೆ, ಸೌದೆ ರಾಶಿಯಲ್ಲಿ ಕೇರೆ ಹಾವೊಂದು ಸೇರಿಕೊಂಡಿದೆ, ಓಡಿಸಬೇಕಾ?

ಸಾಗರದ ಕೃಷಿಕ
ಓಡಿಸಬೇಡಿ! ಕೇರೆಗೆ ವಿಷವೂ ಇಲ್ಲ, ಸಂಬಳವೂ ಇಲ್ಲ. ಕೇರೆಯೇ ಹೌದಾ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ, ಇಲಿ ಇದ್ದಲ್ಲಿಗೆ ನಾಗರವೂ ಬರುತ್ತದೆ. ಸೌದೆ ಎಳೆಯುವಾಗ ಮೊದಲು ಕೋಲಿನಿಂದ ತಟ್ಟಿ, ಸಂಜೆ ಹೊತ್ತು ಬ್ಯಾಟರಿ ಇಲ್ಲದೆ ಕೈ ಹಾಕಬೇಡಿ. ಮತ್ತೆ ಆ ಗೋಣಿಚೀಲಗಳನ್ನು ನೆಲದಲ್ಲಿ ಒಟ್ಟಬೇಡಿ, ಹಗ್ಗ ಕಟ್ಟಿ ಮೇಲೆ ನೇತುಹಾಕಿ, ಮರಿ ಹಾಕುವುದು ಅದರೊಳಗೇ.