ಪಿಸಿ ಆನ್ ಆಗುತ್ತೆ, ಆದ್ರೆ ವಿಂಡೋಸ್ ಬರ್ತಿಲ್ಲ, ಫಾರ್ಮ್ಯಾಟ್ ಮಾಡ್ಲೇಬೇಕಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಮನೇಲಿರೋ ಡೆಸ್ಕ್‌ಟಾಪ್ ಹಳೇದು, ಆದ್ರೂ ಚೆನ್ನಾಗೇ ಓಡ್ತಿತ್ತು. ಇವತ್ತು ಬೆಳಗ್ಗೆ ಆನ್ ಮಾಡಿದ್ರೆ ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಕಂಪನಿ ಲೋಗೋ ಕೂಡ ಬರುತ್ತೆ, ಆಮೇಲೆ ಕಪ್ಪು ಸ್ಕ್ರೀನ್ ಮೇಲೆ 'ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್' ಅಂತ ಬಂದು ಅಲ್ಲೇ ನಿಂತುಬಿಡುತ್ತೆ. ರೀಸ್ಟಾರ್ಟ್ ಮಾಡಿದ್ರೂ ಅದೇ ಕಥೆ. ಪರಿಚಯದವರೊಬ್ರು ಹಾರ್ಡ್ ಡಿಸ್ಕ್ ಹೋಗಿದೆ, ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕ್ಬೇಕು ಅಂದ್ರು. ಅದ್ರಲ್ಲಿ ಮಕ್ಕಳ ಫೋಟೋ ಎಲ್ಲಾ ಇದೆ, ಬೇರೆ ಕಡೆ ಕಾಪಿ ಇಲ್ಲ, ತುಂಬಾ ಗಾಬರಿ ಆಗ್ತಿದೆ. ದಯವಿಟ್ಟು ಯಾರಾದ್ರೂ ದಾರಿ ತೋರ್ಸಿ.

ಉತ್ತರ 1:
ಫಾರ್ಮ್ಯಾಟ್ ಮಾತ್ರ ಮಾಡ್ಬೇಡಿ, ಕೈ ಮುಗಿದು ಕೇಳ್ಕೋತೀನಿ. ಲೋಗೋ ಬಂತು ಅಂದ್ರೆ ಪವರ್ ಸಪ್ಲೈ, ರ್‍ಯಾಮ್, ಡಿಸ್‌ಪ್ಲೇ ಇವೆಲ್ಲಾ ಬಹುತೇಕ ಸರಿ ಇವೆ ಅಂತ ಅರ್ಥ, ರ್‍ಯಾಮ್ ಲೂಸ್ ಆಗಿದ್ರೆ ಬೀಪ್ ಬರ್ತಿತ್ತು ಇಲ್ಲಾ ಸ್ಕ್ರೀನೇ ಬರ್ತಿರ್ಲಿಲ್ಲ. ನಿಮ್ಮ ಮಷೀನ್ ಬಯೋಸ್ (ವಿಂಡೋಸ್‌ಗೂ ಮುಂಚೆ ಓಡೋ, ಮದರ್‌ಬೋರ್ಡ್‌ನಲ್ಲೇ ಇರೋ ಪ್ರೋಗ್ರಾಮ್) ದಾಟಿ ಡಿಸ್ಕ್ ಹುಡುಕೋ ಜಾಗದಲ್ಲಿ ನಿಂತಿದೆ. ಮೊದ್ಲು ಪೆನ್‌ಡ್ರೈವ್ ಏನಾದ್ರೂ ಚುಚ್ಚಿದ್ರೆ ತೆಗೀರಿ, ಕೆಲವು ಸಲ ಅದ್ರಿಂದ ಬೂಟ್ ಆಗೋಕೆ, ಅಂದ್ರೆ ಶುರು ಆಗೋಕೆ, ಹೋಗಿ ಹೀಗಾಗುತ್ತೆ. ಆಮೇಲೆ ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎರಡು ವಿಷಯ ನೋಡಿ ಹೇಳಿ: ಡಿಸ್ಕ್ ಹೆಸ್ರು ಅಲ್ಲಿ ಕಾಣ್ತಿದ್ಯಾ, ಮತ್ತೆ ತಾರೀಖು ಟೈಮ್ ಸರಿ ಇದ್ಯಾ?

ಪ್ರಶ್ನೆ ಕೇಳಿದವರು:
ಪೆನ್‌ಡ್ರೈವ್ ಇಲ್ಲ. ಡಿಸ್ಕ್ ಹೆಸ್ರು ಕಾಣ್ತಿದೆ! ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸ್ತಿದೆ. ಈಗ ನೀವು ಕೇಳಿದ್ಮೇಲೆ ನೆನಪಾಯ್ತು, ಸ್ವಲ್ಪ ದಿನದಿಂದ ಬೆಳಗ್ಗೆ ಆನ್ ಮಾಡಿದಾಗ ಟೈಮ್ ಹಿಂದೆ ಬೀಳ್ತಿತ್ತು, ಬ್ರೌಸರ್‌ನಲ್ಲಿ ಯಾವ ಸೈಟ್ ತೆಗೆದ್ರೂ ಸರ್ಟಿಫಿಕೇಟ್ ಸರಿ ಇಲ್ಲ ಅಂತಿತ್ತು, ಟೈಮ್ ಸರಿ ಮಾಡಿದ್ರೆ ಸರಿಹೋಗ್ತಿತ್ತು. ರಾತ್ರಿ ಗೋಡೆ ಸ್ವಿಚ್ ಆಫ್ ಮಾಡಿ ಮಲಗ್ತೀವಿ.

ಉತ್ತರ 2:
ಹಾಗಾದ್ರೆ ನಂಗೆ ಅನುಮಾನ ಇರೋದು ಸೀಮಾಸ್ ಬ್ಯಾಟರಿ ಮೇಲೆ. ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಒಂದು ಸೆಲ್ ಇರುತ್ತೆ, ಹೆಚ್ಚಿನ ಬೋರ್ಡ್‌ಗಳಲ್ಲಿ ಸಿಆರ್2032, 3 ವೋಲ್ಟ್‌ದು. ಗೋಡೆ ಸ್ವಿಚ್ ಆನ್ ಇರೋವರೆಗೂ ಪವರ್ ಸಪ್ಲೈಯಿಂದ ಬರೋ ಸ್ಟ್ಯಾಂಡ್‌ಬೈ ಕರೆಂಟಲ್ಲೇ ಗಡಿಯಾರ ನಡೀತಿರುತ್ತೆ, ಸ್ವಿಚ್ ಆಫ್ ಮಾಡಿದ್ರೆ ಮಾತ್ರ ಆ ಸೆಲ್ಲೇ ಗತಿ. ಅದಕ್ಕೇ ನಿಮಗೆ ರಾತ್ರಿ ಕಳೆದ್ಮೇಲೆ ತೊಂದರೆ ಕಾಣಿಸ್ತಿತ್ತು. ಮೊದ್ಲು ಟೈಮ್ ಹೋಯ್ತು, ಈಗ ಪೂರ್ತಿ ಡೌನ್ ಆಗಿ ಬಯೋಸ್ ಸೆಟಿಂಗ್ಸೂ ಡಿಫಾಲ್ಟ್‌ಗೆ ಹೋಗಿರ್ಬೇಕು. ಹಳೇ ಮಷೀನಲ್ಲಿ ವಿಂಡೋಸ್ ಲೆಗಸಿ ಮೋಡಲ್ಲಿ (ಬೂಟ್ ಆಗೋ ಹಳೇ ವಿಧಾನ) ಇನ್‌ಸ್ಟಾಲ್ ಆಗಿದ್ದು, ಬಯೋಸ್ ಡಿಫಾಲ್ಟ್ ಯುಇಎಫ್ಐ (ಹೊಸ ವಿಧಾನ) ಮಾತ್ರ ಅಂತಿದ್ರೆ ಡಿಸ್ಕ್ ಕಣ್ಮುಂದೆ ಇದ್ರೂ ಬಯೋಸ್‌ಗೆ ಅದ್ರಿಂದ ಬೂಟ್ ಮಾಡೋಕೆ ಬರಲ್ಲ.

ಮಾಡ್ಬೇಕಾದ್ದು ಇಷ್ಟೇ. ಪ್ಲಗ್ ಪೂರ್ತಿ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡೀರಿ, ಕ್ಯಾಬಿನೆಟ್‌ನ ಬರಿ ಲೋಹ ಒಂದ್ಸಲ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಹೋಗ್ಲಿ. ಸೆಲ್ ಪಕ್ಕ ಸಣ್ಣ ತಗಡಿನ ಕ್ಲಿಪ್ ಇರುತ್ತೆ, ಅದನ್ನ ಉಗುರಲ್ಲಿ ಹೊರಕ್ಕೆ ತಳ್ಳಿದ್ರೆ ಸೆಲ್ ಮೇಲಕ್ಕೆ ಏಳುತ್ತೆ, ಸ್ಕ್ರೂಡ್ರೈವರ್ ಹಾಕಿ ಮೀಟ್ಬೇಡಿ, ಜಾರಿದ್ರೆ ಬೋರ್ಡ್ ಗೀರುತ್ತೆ. ಹೊಸದು ಹಾಕುವಾಗ ಪ್ಲಸ್ ಗುರುತು, ಅಕ್ಷರ ಇರೋ ಕಡೆ, ಮೇಲೆ ಬರ್ಬೇಕು. ಆಮೇಲೆ ಬಯೋಸ್‌ನಲ್ಲಿ ತಾರೀಖು ಸರಿ ಮಾಡಿ, ಬೂಟ್ ಸೆಕ್ಷನ್‌ನಲ್ಲಿ ಸಿಎಸ್ಎಂ (ಹಳೇ ವಿಧಾನಕ್ಕೂ ಅವಕಾಶ ಕೊಡೋ ಸೆಟಿಂಗ್) ಅಥವಾ ಲೆಗಸಿ ಅಂತಿರೋದನ್ನ ಎನೇಬಲ್ ಮಾಡಿ, ಬೂಟ್ ಆರ್ಡರ್‌ನಲ್ಲಿ ನಿಮ್ಮ ಡಿಸ್ಕ್ ಮೊದಲಿಗೆ ತಂದು ಸೇವ್ ಮಾಡಿ. ವಿಂಡೋಸ್ ಲೋಗೋ ಬಂದು ನೀಲಿ ಸ್ಕ್ರೀನ್ ಆದ್ರೆ ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡೋ ವಿಧಾನ) ಬದಲಾಗಿದೆ ಅಂತ, ಎಹೆಚ್‌ಸಿಐ ಇದ್ರೆ ಐಡಿಇ, ಐಡಿಇ ಇದ್ರೆ ಎಹೆಚ್‌ಸಿಐ ಮಾಡಿ ನೋಡಿ. ಇದ್ಯಾವುದ್ರಿಂದಲೂ ಫೈಲ್ ಅಳಿಸಿಹೋಗಲ್ಲ.

ಉತ್ತರ 3:
ಬ್ಯಾಟರಿ ಅನ್ನೋದು ನಂಗೂ ಸರಿ ಅನ್ಸುತ್ತೆ, ಆದ್ರೆ ಡಿಸ್ಕ್ ಚೆನ್ನಾಗಿದೆ ಅಂತ ಈಗ್ಲೇ ಮುಗಿಸ್ಬೇಡಿ. ಬಯೋಸ್‌ನಲ್ಲಿ ಹೆಸ್ರು ಬಂದಾಕ್ಷಣ ಡಿಸ್ಕ್ ಆರೋಗ್ಯವಾಗಿದೆ ಅಂತಲ್ಲ, ಸಾಯ್ತಿರೋ ಡಿಸ್ಕೂ ಹೆಸ್ರು ಹೇಳುತ್ತೆ. ಹತ್ರ ಕಿವಿ ಇಟ್ಟು ಕೇಳಿ, ಟಕ್ ಟಕ್ ಅಂತ ಒಂದೇ ಸಮ ಸದ್ದು ಬರ್ತಿದ್ರೆ ಮತ್ತೆ ಮತ್ತೆ ಆನ್ ಮಾಡ್ಲೇಬೇಡಿ, ಡೇಟಾ ರಿಕವರಿ ಮಾಡೋರ ಕೈಗೆ ಕೊಡಿ. ಸದ್ದು ಇಲ್ಲಾಂದ್ರೆ, ಬೇರೆ ಕಂಪ್ಯೂಟರ್‌ನಲ್ಲಿ ಉಬುಂಟು (ವಿಂಡೋಸ್ ಥರದ್ದೇ ಒಂದು ಫ್ರೀ ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವ್ ರೆಡಿ ಮಾಡ್ಕೊಂಡು ಅದ್ರಿಂದ ಬೂಟ್ ಮಾಡಿ, 'ಟ್ರೈ' ಅನ್ನೋದನ್ನ ಮಾತ್ರ ಆರಿಸಿ, ಇನ್‌ಸ್ಟಾಲ್ ಬೇಡ. ಅಲ್ಲಿಂದ ನಿಮ್ಮ ಡಿಸ್ಕ್ ಓಪನ್ ಮಾಡಿ ಫೋಟೋಗಳನ್ನ ಹೊರಗಿನ ಡ್ರೈವ್‌ಗೆ ಕಾಪಿ ಮಾಡ್ಕೊಳ್ಳಿ, ಬೇರೆ ಎಲ್ಲಾ ಆಮೇಲೆ. ಮಕ್ಕಳ ಫೋಟೋ ಅಂದ್ಮೇಲೆ ಇದಕ್ಕೊಂದು ಸಂಜೆ ಹೋದ್ರೂ ಹೋಗ್ಲಿ.

ಇದೇ ತೊಂದರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಇರೋರು ಓದ್ತಿದ್ರೆ ಒಂದು ಮಾತು, ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ ಬಯೋಸ್ ಸೆಟಿಂಗ್ ಬದಲಾಯ್ಸಿದ್ಮೇಲೆ 48 ಅಂಕಿಯ ರಿಕವರಿ ಕೀ ಕೇಳ್ಬಹುದು, ಕೈ ಹಾಕೋ ಮುಂಚೆ ಅದನ್ನ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಹುಡುಕಿ ಬರ್ಕೊಂಡಿರಿ.

ಪ್ರಶ್ನೆ ಕೇಳಿದವರು:
ಬಂತು! ಡಿಸ್ಕ್ ಸದ್ದು ಏನೂ ಇರ್ಲಿಲ್ಲ, ಮೊದ್ಲು ಉಬುಂಟುನಲ್ಲಿ ಫೋಟೋ ಎಲ್ಲಾ ಕಾಪಿ ಮಾಡ್ಕೊಂಡೆ, ಆಮೇಲೆ ಸೆಲ್ ಬದಲಾಯ್ಸಿ ಸಿಎಸ್ಎಂ ಎನೇಬಲ್ ಮಾಡ್ದೆ, ಆಗ ನೀಲಿ ಸ್ಕ್ರೀನ್ ಬಂತು, ಎದೆ ಧಸಕ್ಕಂತು, ಸಾಟಾ ಮೋಡ್ ಐಡಿಇ ಆಗಿತ್ತು, ಎಹೆಚ್‌ಸಿಐ ಮಾಡಿದ್ಮೇಲೆ ವಿಂಡೋಸ್ ಹಳೇ ಥರಾನೇ ತೆರ್ಕೊಳ್ತು. ಮೂರೂ ಜನಕ್ಕೆ ತುಂಬಾ ತುಂಬಾ ಥ್ಯಾಂಕ್ಸ್. ಡಿಸ್ಕ್ ಹೇಗಿದೆ ಅಂತ ವಿಂಡೋಸ್ ಒಳಗಿಂದ ನೋಡೋದು ಹೇಗೆ?

ಉತ್ತರ 3:
ಬಹಳ ಖುಷಿ ಆಯ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹಾಕಿ ನೋಡಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಹಾಕಿರೋ ಜಾಗ), ಪೆಂಡಿಂಗ್ ಸೆಕ್ಟರ್ (ಕೆಟ್ಟಿದೆ ಅಂತ ಅನುಮಾನ ಇರೋ ಜಾಗ) ಎರಡ್ರ ರಾ ವ್ಯಾಲ್ಯೂನೂ (ಎಣಿಕೆ) ಸೊನ್ನೆ ಇದ್ರೆ ಸದ್ಯಕ್ಕೆ ನಿಶ್ಚಿಂತೆ, ಹಳದಿಯಲ್ಲಿ 'ಕಾಷನ್' ಅಂತ ಬಂದ್ರೆ ಹೊಸ ಡಿಸ್ಕ್ ನೋಡ್ಕೊಳ್ಳಿ. ಈಗಿರೋ ಬಯೋಸ್ ಸೆಟಿಂಗ್ಸ್ ಪೇಜ್‌ಗಳನ್ನ ಫೋನ್‌ನಲ್ಲಿ ಫೋಟೋ ಹೊಡ್ಕೊಂಡಿಟ್ಟಿರಿ, ಮುಂದೆ ಸೆಲ್ ಹೋದಾಗ ಹುಡುಕಾಡೋದು ತಪ್ಪುತ್ತೆ.