ವಾಡೆಯ ಹಳೆಯ ಚಕಮಕಿ ಬಂದೂಕು: ಕೊಳ್ಳುವ ಮೊದಲು, ಕೈ ಹಚ್ಚುವ ಮೊದಲು

ಬೈಲಹೊಂಗಲದಿಂದ ಬಂದ ಕೇಳಿಕೆ: ನಮ್ಮ ಊರ ಹತ್ತಿರದ ಹಳೆಯ ವಾಡೆಯೊಂದರಲ್ಲಿ ಚಕಮಕಿ ಕಲ್ಲಿನ ಬಂದೂಕೊಂದು ಮಾರಾಟಕ್ಕಿದೆ. ಮಾಲೀಕರು ಅದನ್ನು ರೈಫಲ್ ಎನ್ನುತ್ತಾರೆ. ಕುದುರೆ, ಅಂದರೆ ಚಕಮಕಿ ಕಲ್ಲನ್ನು ಹಿಡಿದು ಬಡಿಯುವ ಭಾಗ, ಬಿಗಿದುಕೊಂಡಿದೆ, ಮರ ಒಂದೆಡೆ ಸೀಳಿದೆ, ನಳಿಗೆಗೆ ತುಕ್ಕು ಹಿಡಿದಿದೆ. ಮುಂಗಡ ಕೊಟ್ಟಿದ್ದೇನೆ, ಮನೆಗೆ ಇನ್ನೂ ತಂದಿಲ್ಲ. ದಸರೆಯ ಹೊತ್ತಿಗೆ ಒಂದು ಈಡು ಹಾರಿಸುವಂತೆ ಮಾಡಬೇಕೆಂಬ ಆಸೆ ಇದೆ. ತಿಳಿದವರು ದಾರಿ ತೋರಿಸಬೇಕು.

ವಿಜಯಪುರ, ನಿವೃತ್ತ ಕಂದಾಯ ನೌಕರ: ಮನೆಗೆ ತಂದಿಲ್ಲದಿರುವುದು ಒಳ್ಳೆಯದಾಯಿತು. ಹಳೆಯ ಬಂದೂಕಿಗೆ ಪರವಾನಗಿ ಬೇಡ ಎಂಬ ಮಾತು ಅರ್ಧ ಮಾತ್ರ ಸತ್ಯ. 1959ರ ಆಯುಧ ಕಾಯ್ದೆಯ 45ನೆಯ ಕಲಮು ಹಳೆಯ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಅದು ದುರಸ್ತಿ ಮಾಡದೆಯಾಗಲಿ, ದುರಸ್ತಿ ಮಾಡಿಯಾಗಲಿ ಹಾರಿಸಲು ಬಾರದಂತಿದ್ದರೆ ಮಾತ್ರ. ನಿಮ್ಮದನ್ನು ದುರಸ್ತಿ ಮಾಡಿ ಹಾರಿಸಬೇಕೆಂದು ನೀವೇ ಬರೆದಿದ್ದೀರಿ, ಅಂದರೆ ವಿನಾಯಿತಿಯ ಬಾಗಿಲನ್ನು ನೀವೇ ಮುಚ್ಚಿಕೊಂಡಿರಿ. ಅಷ್ಟೇ ಅಲ್ಲ, ಅದೇ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಪರವಾನಗಿ ಇರಬೇಕು. ಓಣಿಯ ಕಮ್ಮಾರನ ಕೈಗೆ ಕೊಡುವಂತಿಲ್ಲ. ಮೊದಲು ಜಿಲ್ಲಾಧಿಕಾರಿ ಕಚೇರಿಯ ಆಯುಧ ಪರವಾನಗಿ ವಿಭಾಗದಲ್ಲಿ ಬರವಣಿಗೆಯಲ್ಲಿ ಕೇಳಿರಿ, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಿರಿ.

ಬೆಳಗಾವಿ, ಪರವಾನಗಿ ಇರುವ ಸಂಗ್ರಾಹಕ: ಮೇಲಿನ ಹಿರಿಯರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಇನ್ನು ವಸ್ತುವಿನ ವಿಷಯಕ್ಕೆ ಬರುತ್ತೇನೆ.

ಕುದುರೆಯನ್ನು ಮುಟ್ಟುವ ಮೊದಲು ನಳಿಗೆ ಖಾಲಿಯೋ ಅಲ್ಲವೋ ನೋಡಬೇಕು. ಬಾಯಿಂದ ತುಂಬುವ ಬಂದೂಕಿನ ಹೊಟ್ಟೆಯಲ್ಲಿ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ, ಮತ್ತು ಕರಿಮದ್ದು ಒಣಗಿಯೇ ಇದ್ದರೆ ನೂರು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ಬಾಯಿಯ ಎದುರಿಗೆ ನಿಲ್ಲದೆ ತೆಳ್ಳಗಿನ ಕಟ್ಟಿಗೆಯ ಕೋಲೊಂದನ್ನು ಮೆಲ್ಲಗೆ ಒಳಗೆ ಇಳಿಬಿಡಿರಿ. ಅದು ನಿಂತಲ್ಲಿ, ನಳಿಗೆಯ ಬಾಯಿಗೆ ಸರಿಯಾಗಿ ಕೋಲಿನ ಮೇಲೆ ಸೀಸದಕಡ್ಡಿಯಿಂದ ಗೆರೆ ಹಾಕಿರಿ. ಕೋಲನ್ನು ಹೊರತೆಗೆದು, ಗೆರೆ ಬಾಯಿಗೆ ಹೊಂದುವಂತೆ ನಳಿಗೆಯ ಹೊರಮೈಗೆ ಒರಗಿಸಿ ಹಿಡಿಯಿರಿ. ಕೋಲಿನ ತುದಿ ಕಿವಿಯವರೆಗೆ, ಅಂದರೆ ರಂಜಕದ (ಹೊರಗೆ ಮೊದಲು ಹೊತ್ತಿಸುವ ಚಿಟಿಕೆ ಮದ್ದಿನ) ಬೆಂಕಿ ಒಳಹೋಗುವ ಸಣ್ಣ ತೂತಿನವರೆಗೆ, ಮುಟ್ಟಿದರೆ ನಳಿಗೆ ಖಾಲಿ. ಎರಡು ಬೆರಳು ಹಿಂದೆಯೇ ನಿಂತರೂ ಒಳಗೆ ಏನೋ ಇದೆ ಎಂದೇ ತಿಳಿಯಿರಿ. ಕೆದಕಬೇಡಿರಿ, ಕಾಯಿಸಬೇಡಿರಿ, ಪರವಾನಗಿ ಇರುವ ಬಂದೂಕಿನ ಕುಶಲಿಯನ್ನೇ ಕರೆಸಿರಿ.

ಖಾಲಿ ಎಂದು ಖಚಿತವಾದ ಮೇಲೆ ಬಾಯಿಯ ಒಳಅಂಚಿಗೆ ಬೆರಳು ಆಡಿಸಿ ನೋಡಿರಿ. ಸುರುಳಿ ತೋಡುಗಳು ತಗುಲಿದರೆ ಅದು ರೈಫಲ್, ನುಣುಪಾಗಿದ್ದರೆ ಮಸ್ಕೆಟ್ ಅಥವಾ ಬೇಟೆ ಬಂದೂಕು. 1800ರ ಸುಮಾರಿಗೆ ಬ್ರಿಟಿಷ್ ಸೈನ್ಯಕ್ಕೆ ಬಂದ ಬೇಕರ್ ರೈಫಲಿನ ನಳಿಗೆ 30 ಇಂಚು, ಒಳಗೆ ಏಳು ತೋಡು. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದ ಇಂಡಿಯಾ ಪ್ಯಾಟರ್ನ್ ಮಸ್ಕೆಟಿನದು 39 ಇಂಚು, ಒಳಗೆ ನುಣುಪು. ನಮ್ಮ ಕಡೆ ಉದ್ದನೆಯದಕ್ಕೆಲ್ಲ ರೈಫಲ್ ಎನ್ನುವ ರೂಢಿ ಇದೆ, ಬೆಲೆ ಹೇಳುವಾಗಂತೂ ತಪ್ಪದೆ. ಕುದುರೆ ಕೂತ ಪಟ್ಟಿಯ ಮೇಲೆ ಕಂಪನಿಯ ಹೃದಯಾಕಾರದ ಮುದ್ರೆ ಅಥವಾ ಹಿಂಗಾಲ ಮೇಲೆ ನಿಂತ ಸಿಂಹ ಕಂಡರೂ ಹಿಗ್ಗಬೇಡಿರಿ, ಅವುಗಳ ನಕಲು ಬಹಳ ಇವೆ. ಪಟ್ಟಿಯಲ್ಲಿ ಮುಚ್ಚಿದ ತೂತುಗಳಿದ್ದರೆ, ಒಮ್ಮೆ ಕೇಪಿನ (ಕಲ್ಲಿನ ಬದಲು ಸಿಡಿಮದ್ದಿನ ಪುಟ್ಟ ಲೋಹದ ಟೊಪ್ಪಿಗೆಯಿಂದ ಹೊತ್ತುವ) ಬಂದೂಕಾಗಿ ಮಾರ್ಪಟ್ಟು ಆಮೇಲೆ ಮಾರುವ ಸಲುವಾಗಿ ಮತ್ತೆ ಚಕಮಕಿಗೆ ತಿರುಗಿಸಿದ್ದಿರಬಹುದು.

ಕುದುರೆ ಬಿಗಿದುಕೊಂಡಿದ್ದಕ್ಕೆ ತುಕ್ಕೇ ಕಾರಣವೆಂದು ಹೇಳಲಾಗದು. ನನ್ನ ಬಂದೂಕಿನಲ್ಲಿ ಕಾರಣ ಕುಸುಬಿ ಎಣ್ಣೆಯಾಗಿತ್ತು. ಹಿಂದಿನ ಮನೆಯವರು ಪ್ರತಿ ಖಂಡೇಪೂಜೆಗೆ ಭಕ್ತಿಯಿಂದ ಎಣ್ಣೆ ಬಿಟ್ಟಿದ್ದರು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ವರ್ಷ ವರ್ಷದ ಪದರು ಸೇರಿ ಬೆಲ್ಲದ ಬಣ್ಣದ ವಾರ್ನಿಶ್ ಆಗಿ ಒಳಗಿನ ಬಿಲ್ಲುಪಟ್ಟಿಯನ್ನೇ (ಸ್ಪ್ರಿಂಗನ್ನೇ) ಹಿಡಿದುಬಿಟ್ಟಿತ್ತು. ಪರವಾನಗಿ ಇರುವ ಕುಶಲಿ ಅದನ್ನು ಬಿಚ್ಚಿ ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಯಿಟ್ಟ ಮೇಲೆ, ಬಲ ಹಾಕದೆಯೇ ಸಡಿಲಾಯಿತು. ಆ ಕಾಲದ ತಿರುಪುಗಳನ್ನು ಒಂದೊಂದಾಗಿ ಕೈಯಿಂದ ಮಾಡಿದ್ದಾರೆ, ಒಂದರ ತೂತಿಗೆ ಇನ್ನೊಂದು ಹೊಂದದು. ಬಿಚ್ಚುವವರು ಹಲಗೆಯ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲಿಯೇ ಚುಚ್ಚಿಡಬೇಕು. ಪೂಜೆಯಲ್ಲಿ ನಿಂಬೆಹಣ್ಣಿನ ರಸವನ್ನು ಉಕ್ಕಿಗೆ ತಾಗಿಸಬೇಡಿರಿ, ಹುಳಿ ಕಲೆ ಹೋಗುವುದಿಲ್ಲ. ತುಕ್ಕಿಗೆ ಎಣ್ಣೆಯಲ್ಲಿ ಅದ್ದಿದ ಅತಿ ನುಣುಪಿನ ಉಕ್ಕಿನ ಉಣ್ಣೆ ಸಾಕು. ಉಸುಕಿನ ಕಾಗದ ಹಚ್ಚಿದವರು ಮುದ್ರೆಯನ್ನೂ ಬೆಲೆಯನ್ನೂ ಒಟ್ಟಿಗೆ ಅಳಿಸುತ್ತಾರೆ.

ಬಾಗಲಕೋಟೆ, ಮರಗೆಲಸ: ಸೀಳಿಗೆ ಎಂ-ಸೀಲ್ ತುಂಬಬೇಡಿರಿ, ಮುಂದೆ ಸರಿಯಾಗಿ ಕೂಡಿಸಲು ಬರುವುದಿಲ್ಲ. ಹಳೆಯ ಕಾಲದ ಚರ್ಮದ ಅಂಟಾದ ಸರೇಸನ್ನು ಬಿಸಿ ಮಾಡಿ ಒಳಗೆ ಇಳಿಸಿ, ಬಟ್ಟೆಯಿಂದ ಸುತ್ತಿ ಕಟ್ಟಿಡಿರಿ. ತಪ್ಪಾದರೆ ಬಿಸಿನೀರಿಗೆ ಬಿಡುತ್ತದೆ. ಆಮೇಲೆ ಅಗಸಿ ಎಣ್ಣೆಯನ್ನು ಅಂಗೈಯಿಂದ ತೆಳುವಾಗಿ ತಿಕ್ಕಿ, ಒಂದು ಕೈ ಒಣಗಿದ ಮೇಲೆಯೇ ಇನ್ನೊಂದು ಕೈ ಹಚ್ಚಿರಿ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿರಿ. ನನ್ನ ಅಂಗಡಿಯಲ್ಲಿ ಅಂಥ ಮುದ್ದೆ ತಾನೇ ಬಿಸಿಯೇರಿ ಹೊಗೆಯಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಗ್ಗದ ಮೇಲೆ ಹರವಿ ಒಣಗಿಸಿರಿ.

ಮುಧೋಳ: ಒಂದು ಸಣ್ಣ ಮಾತು. ಮಾಲೀಕರು ಇದು ಹಲಗಲಿಯ ಬೇಡರ ಬಂದೂಕು ಎಂದರೆ ಅದಕ್ಕಾಗಿ ಹೆಚ್ಚಿನ ಹಣ ಕೊಡಬೇಡಿರಿ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಒಪ್ಪದೆ ನಮ್ಮ ಹಲಗಲಿಯವರು ಹೋರಾಡಿದ್ದು, ಅದಕ್ಕಾಗಿ ಗಲ್ಲಿಗೇರಿದ್ದು ನಿಜ. ಆದರೆ ಈ ಭಾಗದಲ್ಲಿ ನನಗೆ ತೋರಿಸಿದ ಹಳೆಯ ಬಂದೂಕುಗಳೆಲ್ಲವೂ ಹಲಗಲಿಯವೇ ಆಗಿದ್ದವು!

ಬೈಲಹೊಂಗಲದಿಂದ ಮರಳಿ: ಎಲ್ಲರಿಗೂ ಋಣಿ. ನಿನ್ನೆ ವಾಡೆಗೆ ಹೋಗಿ, ಮಾಲೀಕರ ಎದುರಿಗೇ ಕೋಲು ಇಳಿಬಿಟ್ಟು ಗೆರೆ ಹಾಕಿ ಅಳೆದೆ. ಕೋಲಿನ ತುದಿ ಕಿವಿಗಿಂತ ನಾಲ್ಕು ಬೆರಳು ಹಿಂದೆಯೇ ನಿಂತಿತು. ಅವರ ಮೊಮ್ಮಕ್ಕಳು ಗಣೇಶ ಚೌತಿಗೆ ಅದನ್ನೇ ಹೆಗಲಿಗೇರಿಸಿಕೊಂಡು ಸಿಪಾಯಿ ಆಟ ಆಡುತ್ತಿದ್ದರಂತೆ. ಮಾಲೀಕರು ಅದನ್ನು ಕೋಣೆಯೊಂದರಲ್ಲಿ ಗೋಡೆಯ ಕಡೆ ಬಾಯಿ ಮಾಡಿ ಇರಿಸಿ, ಕೀಲಿ ಹಾಕಿ, ಪೊಲೀಸ್ ಠಾಣೆಗೆ ತಿಳಿಸಿದ್ದಾರೆ. ಸೋಮವಾರ ಇಬ್ಬರೂ ಕೂಡಿ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತೇವೆ. ದಸರೆಯ ಈಡಿನ ಮಾತನ್ನು ಬಿಟ್ಟುಬಿಟ್ಟಿದ್ದೇನೆ.