ಕಾರವಾರ: ಮೇಯಲ್ಲಿ ಒಣಗದ, ಜುಲೈಯಲ್ಲಿ ಕೊಳೆಯದ ಅಂಗಳದ ಗಿಡಗಳು ಯಾವುವು?

ಕಾಳಿತೀರ:
ನಮಸ್ಕಾರ. ಮನೆ ಎದುರಿಗೆ ಸುಮಾರು 30 ಚದರ ಮೀಟರ್ ಅಂಗಳ. ಅಡಿಗೆ ಚಿರೆಕಲ್ಲು, ಮೇಲೆ ಒಂದಡಿ ಕೆಮ್ಮಣ್ಣು, ಎದುರಿನಿಂದ ಸಮುದ್ರದ ಗಾಳಿ. ಬಾವಿ ನೀರು ಮಾರ್ಚ್‌ವರೆಗೆ ಚೊಲೋ, ಏಪ್ರಿಲ್ ಹೊತ್ತಿಗೆ ಸವಳು. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಲೀಟರಿಗೆ 1100 ಮಿ.ಗ್ರಾಂ. ತೋರಿಸುತ್ತದೆ. ಹುಲ್ಲುಹಾಸು ಕಿತ್ತು ಕಡಿಮೆ ನೀರಿನ ಗಿಡ ಹಾಕುವ ಯೋಚನೆ. ನರ್ಸರಿಯಲ್ಲಿ ಅಡೀನಿಯಂ, ಕಳ್ಳಿಗಳನ್ನೇ ತೋರಿಸುತ್ತಾರೆ. ನಮ್ಮ ಮಳೆಗೆ ಅವು ತಾಳುತ್ತವೆಯೇ? ಟ್ಯಾಂಕ್ ನೆಲದಿಂದ 2 ಮೀಟರ್ ಎತ್ತರದಲ್ಲಿದೆ, ಅದರಿಂದಲೇ ಡ್ರಿಪ್ (ಹನಿ ನೀರಾವರಿ) ನಡೆದೀತೇ?

ಗೇರುಗುಡ್ಡ:
ಹುಲ್ಲುಹಾಸು ಕೀಳುವುದು ಸರಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಅಂತ ಹಿಡಿದರೂ ನಿಮ್ಮ ಅಂಗಳಕ್ಕೆ 150 ಲೀಟರ್ ಬೇಕು.

ಅಡೀನಿಯಂ, ಕಳ್ಳಿ ನೆಲಕ್ಕೆ ಬೇಡ. ಬರ ತಾಳುವ ಗಿಡ ಅಂತ ಪುಸ್ತಕದಲ್ಲಿ ಬರೆದದ್ದು ಒಣ ಸೀಮೆಗೆ. ಇಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಗಿಡ ಸಾಯುವುದು ಮೇ ಬಿಸಿಲಿಗಿಂತ ಜುಲೈಯಲ್ಲಿ, ಬುಡದಲ್ಲಿ ನೀರು ನಿಂತು. ಅವು ಬೇಕೇ ಬೇಕೆಂದರೆ ಕುಂಡದಲ್ಲಿಟ್ಟು ಮಳೆಗಾಲಕ್ಕೆ ಜಗುಲಿಗೆ ತನ್ನಿ.

ಚಿರೆಕಲ್ಲಿನಲ್ಲಿ ಗುಂಡಿ ತೋಡಿ ನೆಟ್ಟರೆ ಆ ಗುಂಡಿಯೇ ಬಾನಿ ಆಗುತ್ತದೆ. ಅದರ ಬದಲು ನೆಲದ ಮೇಲ್ಮೈಯನ್ನು ಹಾರೆಯಿಂದ ಬಿರುಕು ಬಿಡಿಸಿ, ಮೇಲೆ 30ರಿಂದ 45 ಸೆಂ.ಮೀ. ದಿಬ್ಬ ಕಟ್ಟಿ. ಐದು ಪಾಲು ಕೆಮ್ಮಣ್ಣು, ಮೂರು ಪಾಲು ದಪ್ಪ ಮರಳು, ಎರಡು ಪಾಲು ಹಳೆಗೊಬ್ಬರ. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ಜರಡಿ ಹಿಡಿದು ಧೂಳು ತೆಗೆಯಿರಿ, ಇಲ್ಲದಿದ್ದರೆ ಗಟ್ಟಿಯಾಗಿ ಕೂರುತ್ತದೆ. ಕಡಲ ಮರಳು ಮುಟ್ಟಲೇಬೇಡಿ, ಉಪ್ಪು ಇದ್ದೇ ಇರುತ್ತದೆ.

ಗಾಳಿಗೆ ಎದುರಾಗಿ ಕಣಗಿಲೆ, ಬೋಗನ್‌ವಿಲ್ಲಾ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ. ಸಣ್ಣ ಮಕ್ಕಳಿದ್ದರೆ ಬಿಡಿ. ಅವುಗಳ ಮರೆಯಲ್ಲಿ ದೇವಕಣಗಿಲೆ, ಲಕ್ಕಿ, ಕೇಪಳ. ಅಂಚಿಗೆ ನಿತ್ಯಪುಷ್ಪ, ಜೋರು ಮಳೆಗೆ ಕೆಲವು ಬುಡ ಕೊಳೆತು ಹೋಗುತ್ತವೆ, ಬಿದ್ದ ಬೀಜದಿಂದ ಮತ್ತೆ ಏಳುತ್ತವೆ. ಹುಲ್ಲಿನ ಬದಲಿಗೆ ಅಂತ ವೆಡೇಲಿಯಾ ಎಂಬ ನೆಲಕ್ಕೆ ಹಬ್ಬುವ ಗಿಡ ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ಪಕ್ಕದವರ ಹಿತ್ತಲನ್ನೂ ನುಂಗುತ್ತದೆ.

ಕಾಳಿತೀರ:
ತುಂಬ ಉಪಕಾರ. ಹಾಗಾದರೆ ಜೂನ್ ಮೊದಲ ಮಳೆಗೇ ನೆಡಲೇ? ದಾಸವಾಳ, ಕರಿಬೇವು ಬಿಡಲು ಮನೆಯಲ್ಲಿ ಒಪ್ಪುವುದಿಲ್ಲ.

ಸೋದೆಹೊಳೆ (ಶಿರಸಿ):
ಜೂನ್ ಬೇಡ ಮಾರಾಯ್ರೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ನೆಡಿ; ಮಳೆ ಇಳಿಯುವ ಹೊತ್ತು, ಮಣ್ಣಿನಲ್ಲಿ ಪಸೆ ಇರುತ್ತದೆ. ಆದರೂ ಮೊದಲ ಬೇಸಿಗೆಗೆ ನೀರು ಕೊಡಲೇಬೇಕು. ಬೇರು ಇಳಿಯದ ಗಿಡ ಯಾವ ಬರವನ್ನೂ ತಾಳದು.

ದಾಸವಾಳ, ಕರಿಬೇವನ್ನು ಒಂದೇ ಮೂಲೆಗೆ ಕೂಡಿಸಿ, ಅವಕ್ಕೆ ಬಚ್ಚಲ ನೀರು ತಿರುಗಿಸಿ. ಬಟ್ಟೆ ತೊಳೆದ ಸೋಪಿನ ನೀರು ಬೇಡ. ಅಲ್ಲಿ ಮಣ್ಣಿನಡಿಗೆ ತೆಂಗಿನ ಸಿಪ್ಪೆಯನ್ನು ಬೋಗುಣಿಯಂತೆ ಮೇಲ್ಮುಖವಾಗಿ ಜೋಡಿಸಿದರೆ ಪಸೆ ನಿಲ್ಲುತ್ತದೆ. ದಿಬ್ಬಕ್ಕೆ ಸಿಪ್ಪೆ ಹಾಕಬೇಡಿ.

ಮಣ್ಣಿನ ಹೊದಿಕೆಗೆ ದರಕು (ಒಣ ಎಲೆ) ಸಾಕು, 5ರಿಂದ 8 ಸೆಂ.ಮೀ., ಕಾಂಡದಿಂದ ಒಂದು ಗೇಣು ದೂರ. ತಾಗಿಸಿದರೆ ಒರಲೆ ಹತ್ತುತ್ತದೆ. ಮಳೆಗಾಲಕ್ಕೆ ಸರಿಸಿಬಿಡಿ.

ಹನಿಲೆಕ್ಕ:
ಡ್ರಿಪ್ ಬಗ್ಗೆ. 2 ಮೀಟರ್ ಎತ್ತರ ಅಂದರೆ 0.2 ಬಾರ್ ಒತ್ತಡ. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್‌ಗಳು ಇಷ್ಟಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಚ್ಚಿ ತೊಳೆಯಲು ಬರುವ ಸಾದಾ ಡ್ರಿಪ್ಪರ್ ತನ್ನಿ, 16 ಮಿ.ಮೀ. ಪೈಪು, ಟ್ಯಾಂಕಿನ ಹತ್ತಿರ 120 ಮೆಶ್ ಡಿಸ್ಕ್ ಫಿಲ್ಟರ್. ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದದ್ದು 1 ಬಾರ್‌ಗೆ. ನಿಮ್ಮಲ್ಲಿ ಬರುವುದು ಸುಮಾರು 1.8 ಲೀಟರ್. ಒಂದು ಲೋಟ ಹಿಡಿದು ನೋಡಿ, ಹತ್ತು ನಿಮಿಷಕ್ಕೆ 300 ಮಿ.ಲೀ. ಆಸುಪಾಸು ತುಂಬಿದರೆ ಲೆಕ್ಕ ಸರಿ. ತೀರಾ ಕಡಿಮೆಯಾದರೆ ಫಿಲ್ಟರ್ ಕಟ್ಟಿದೆ ಎಂದರ್ಥ.

ಗಿಡಕ್ಕೆ ಎರಡು ಡ್ರಿಪ್ಪರ್, ಬುಡದಿಂದ 25 ಸೆಂ.ಮೀ. ಆಚೀಚೆ. ಐದು ದಿನಕ್ಕೊಮ್ಮೆ ಮೂರು ಗಂಟೆ ಬಿಟ್ಟರೆ 10 ಲೀಟರ್ ಮೇಲಾಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬಿಟ್ಟರೆ ಸವಳು ನೀರಿನ ಉಪ್ಪು ಮೇಲುಮಣ್ಣಲ್ಲೇ ಉಳಿಯುತ್ತದೆ. ಎಲೆಗೆ ಚಿಮುಕಿಸಲೂಬೇಡಿ, ಅಂಚು ಸುಡುತ್ತದೆ.

ಬಾವಿಗೆ ಪಂಪನ್ನು ಒಂದೇ ಸಮ ಓಡಿಸಬೇಡಿ. 15 ನಿಮಿಷ ಓಡಿಸಿ, ನೀರು ಏರಲು ಬಿಟ್ಟು ಮತ್ತೆ ಹಾಕಿ. ಒಮ್ಮೆಲೇ ಎಳೆದರೆ ಅಡಿಯ ಉಪ್ಪುನೀರು ಮೇಲೆ ಬರುತ್ತದೆ.

ಇನ್ನೊಂದು: ಒದ್ದೆಯಾದ ಜಾಗದ ಸುತ್ತ ಬೇಸಿಗೆಯಿಡೀ ಉಪ್ಪು ಬಳೆಯ ಹಾಗೆ ಕೂತಿರುತ್ತದೆ. ಮೇಯಲ್ಲಿ ಹತ್ತು ಹನಿ ಮಳೆ ಬಿದ್ದರೆ ಅದು ಕರಗಿ ಬೇರಿನತ್ತ ಹರಿಯುತ್ತದೆ. ಅಂಥ ತುಂತುರಿಗೆ ಡ್ರಿಪ್ ನಿಲ್ಲಿಸಬೇಡಿ, ಬಿಟ್ಟಿಡಿ. ಜೂನ್‌ನಲ್ಲಿ ಮಳೆ ಸರಿಯಾಗಿ ಹಿಡಿದ ಮೇಲೆ ಬಂದ್ ಮಾಡಿ, ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ಕೆಸರು ಹೊರಹಾಕಿ.